ಲಿಕ್ವಿಡ್ ಕೂಲರ್ ಹಾಕಿಸಿದರೆ ಪ್ರೊಸೆಸರ್ ರೂಮಿಗಿಂತ ತಣ್ಣಗಿರುತ್ತದೆಯೇ?

ಪ್ರಶ್ನೆ: ನನ್ನ ಕಂಪ್ಯೂಟರ್‌ನಲ್ಲಿ ರೈಜನ್ 5 5600 ಪ್ರೊಸೆಸರ್ ಇದೆ. ಅದರ ಜೊತೆ ಬಂದ ಕೂಲರೇ ಈಗಲೂ ಇದೆ. ಬೇಸಿಗೆಯಲ್ಲಿ ಗೇಮ್ ಆಡುವಾಗ 85 ಡಿಗ್ರಿ ದಾಟುತ್ತಿದೆ. ಲಿಕ್ವಿಡ್ ಕೂಲರ್ ಹಾಕಿಸಲೇ? ನೀರು ಅಂದಮೇಲೆ ರೂಮಿಗಿಂತಲೂ ತಣ್ಣಗಿರುತ್ತೆ ಅಲ್ವಾ?

ಮಾರ್ಚ್ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಒಮ್ಮೆ ರಾಯಚೂರಿನಿಂದ, ಒಮ್ಮೆ ಬಳ್ಳಾರಿಯಿಂದ, ಒಮ್ಮೆ ಬೆಂಗಳೂರಿನ ಟೆರೇಸ್ ಕೆಳಗಿನ ಬಾಡಿಗೆ ಮನೆಯಿಂದ. ಪ್ರೊಸೆಸರ್ ಹೆಸರು ಬದಲಾಗುತ್ತದೆ, ಕೊನೆಯ ಸಾಲು ಬದಲಾಗುವುದಿಲ್ಲ. ಎಷ್ಟು ಸಲ ಹೇಳಿದರೂ ಅದು ಮತ್ತೆ ಮತ್ತೆ ಬರುತ್ತಿದೆ. ಹಾಗಾಗಿ ಈ ಸಲ ಅಲ್ಲಿಂದಲೇ ಶುರು ಮಾಡುತ್ತೇನೆ.

ಇಲ್ಲ, ರೂಮಿಗಿಂತ ತಣ್ಣಗಾಗುವುದಿಲ್ಲ. ಎರಡು ಸಾವಿರದ ಕೂಲರ್ ಇರಲಿ, ಇಪ್ಪತ್ತು ಸಾವಿರದ್ದಿರಲಿ, ರೂಮಿನ ಗಾಳಿ 38 ಡಿಗ್ರಿ ಇದ್ದರೆ ಪ್ರೊಸೆಸರ್ 38ಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಈ ನಂಬಿಕೆ ಎಲ್ಲಿಂದ ಬಂದಿದೆ ಅಂತ ನನಗೆ ಗೊತ್ತು. ಮಡಕೆಯಲ್ಲಿಟ್ಟ ನೀರು ನಡುಬೇಸಿಗೆಯಲ್ಲೂ ತಣ್ಣಗಿರುತ್ತದೆ. ಆದರೆ ಅದು ಹೇಗೆ ತಣ್ಣಗಾಗುತ್ತದೆ? ಮಣ್ಣಿನ ಸಣ್ಣ ತೂತುಗಳಿಂದ ನೀರು ಹೊರಗೆ ಜಿನುಗುತ್ತದೆ, ಗಾಳಿಗೆ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಮಡಕೆಯಿಂದಲೇ ತೆಗೆದುಕೊಳ್ಳುತ್ತದೆ. ಕಲಬುರಗಿ ಕಡೆ ಕಿಟಕಿಗೆ ಕೂರಿಸುವ ಕೂಲರ್ ಮಾಡುವುದೂ ಇದನ್ನೇ. ಅದಕ್ಕೇ ಅದರಲ್ಲಿ ನೀರು ಖಾಲಿಯಾಗುತ್ತದೆ, ಬಕೆಟ್ ಹಿಡಿದು ತುಂಬುತ್ತಲೇ ಇರಬೇಕು. ಕಂಪ್ಯೂಟರ್‌ಗೆ ಹಾಕುವ ಲಿಕ್ವಿಡ್ ಕೂಲರ್‌ನಲ್ಲಿ ನೀರು ಪೂರ್ತಿ ಸೀಲ್ ಆಗಿರುತ್ತದೆ. ಮಡಕೆಯ ನೀರಿನಂತೆ ಆವಿಯಾಗಿ ಹೊರಗೆ ಹೋಗಲು ದಾರಿ ಇಲ್ಲ. ಅಲ್ಲಿ ತಂಪು ಹುಟ್ಟುವುದಿಲ್ಲ.

ಹಾಗಾದರೆ ಆ ನೀರು ಏನು ಮಾಡುತ್ತದೆ? ಶಾಖವನ್ನು ಸಾಗಿಸುತ್ತದೆ, ಅಷ್ಟೇ. ಪ್ರೊಸೆಸರ್ ಮೇಲೆ ತಾಮ್ರದ ತಟ್ಟೆ ಕೂರುತ್ತದೆ. ಪಂಪ್ ಅದರ ಮೇಲೆ ನೀರು ಹರಿಸುತ್ತದೆ. ಬಿಸಿಯಾದ ನೀರು ಪೈಪಿನಲ್ಲಿ ರೇಡಿಯೇಟರ್‌ಗೆ, ಅಂದರೆ ತೆಳುವಾದ ಲೋಹದ ಪಟ್ಟಿಗಳಿರುವ ಜಾಲರಿಗೆ ಹೋಗುತ್ತದೆ. ಅಲ್ಲಿ ಫ್ಯಾನ್‌ಗಳು ರೂಮಿನ ಗಾಳಿಯನ್ನು ಬೀಸಿ ಆ ಶಾಖವನ್ನು ತೆಗೆಯುತ್ತವೆ. ನೋಡಿ, ಕೊನೆಗೆ ತಂಪು ಮಾಡುವುದು ನಿಮ್ಮ ರೂಮಿನ ಗಾಳಿಯೇ. 38 ಡಿಗ್ರಿಯ ಗಾಳಿ ಬೀಸಿ ನೀರನ್ನು 30 ಡಿಗ್ರಿಗೆ ಇಳಿಸಲು ಆಗುವುದಿಲ್ಲ.

ಇದರಿಂದ ಒಂದು ಲೆಕ್ಕ ಹೊರಡುತ್ತದೆ. ಯಾವುದೇ ಕೂಲರ್ ನಿಮಗೆ ಕೊಡುವುದು ಒಂದು ಅಂತರ, ಒಂದು ನಿಗದಿಯಾದ ಡಿಗ್ರಿ ಅಲ್ಲ. 25 ಡಿಗ್ರಿ ರೂಮಿನಲ್ಲಿ ನಿಮ್ಮ ಪ್ರೊಸೆಸರ್ 70 ಇದೆ ಅನ್ನಿ, ಅಂತರ 45. ಅದೇ ಕೆಲಸ, ಅದೇ ಕೂಲರ್, ಫ್ಯಾನ್ ವೇಗವೂ ಅದೇ. ರೂಮು 38 ಆದರೆ ಪ್ರೊಸೆಸರ್ ಸುಮಾರು 83 ಆಗುತ್ತದೆ. ಯಾವ ಭಾಗವೂ ಕೆಟ್ಟಿಲ್ಲ. ಒಳ್ಳೆಯ ಕೂಲರ್ ಆ 45ನ್ನು 35 ಮಾಡಬಹುದು. ಸೊನ್ನೆ ಮಾಡಲು ಸಾಧ್ಯವಿಲ್ಲ.

"ಅಂಗಡಿಯಲ್ಲಿ ತೋರಿಸಿದರು, ಬರೀ 45 ಡಿಗ್ರಿ ಇತ್ತು" ಅನ್ನುತ್ತಾರೆ. ಅಂಗಡಿಯಲ್ಲಿ ಎಸಿ ಇರುತ್ತದೆ. ಜೊತೆಗೆ ನೀರಿಗೆ ಶಾಖ ಹಿಡಿದಿಟ್ಟುಕೊಳ್ಳುವ ಶಕ್ತಿ ಜಾಸ್ತಿ. ಪೂರ್ತಿ ಬಿಸಿಯಾಗಲು ಅದಕ್ಕೆ ಹಲವು ನಿಮಿಷಗಳೇ ಬೇಕು. ಐದು ನಿಮಿಷದ ಪರೀಕ್ಷೆಯಲ್ಲಿ ಕಾಣುವುದು ನೀರು ಇನ್ನೂ ಬಿಸಿಯಾಗುತ್ತಿರುವ ಸ್ಥಿತಿ. ಅರ್ಧ ಗಂಟೆ ಓಡಿಸಿ ನೋಡಿ. ಆಮೇಲೆ ಬರುವ ಅಂಕಿಯೇ ನಿಜವಾದದ್ದು. ಅದನ್ನು ತೀರ್ಮಾನಿಸುವುದು ರೇಡಿಯೇಟರ್ ಎಷ್ಟು ದೊಡ್ಡದು, ಗಾಳಿ ಎಷ್ಟು ಹರಿಯುತ್ತಿದೆ ಅನ್ನುವುದು.

ಇದೇ ನಂಬಿಕೆಯ ಇನ್ನೊಂದು ರೂಪವೂ ಇದೆ: ಲಿಕ್ವಿಡ್ ಕೂಲರ್ ಹಾಕಿದರೆ ರೂಮಿನ ಸೆಕೆ ಕಡಿಮೆಯಾಗುತ್ತದೆ ಅಂತ. ಪ್ರೊಸೆಸರ್ 100 ವ್ಯಾಟ್ ಕರೆಂಟ್ ತಿಂದರೆ 100 ವ್ಯಾಟ್ ಶಾಖ ರೂಮಿಗೆ ಬಂದೇ ಬರುತ್ತದೆ. ನೀರಿನ ಮೂಲಕ ಬಂದರೂ ಅಷ್ಟೇ, ಗಾಳಿಯ ಮೂಲಕ ಬಂದರೂ ಅಷ್ಟೇ. ಪಂಪ್‌ನ ಕೆಲವು ವ್ಯಾಟ್ ಅದಕ್ಕೆ ಸೇರಿಕೊಳ್ಳುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ವಿಷಯ ಖುಷಿಯಿಂದ ಹೇಳಬೇಕು. ನೀವು ಹಳೆಯದು ಅಂತ ಪಕ್ಕಕ್ಕಿಡುವ ಟವರ್ ಏರ್ ಕೂಲರ್ (ಪ್ರೊಸೆಸರ್ ಮೇಲೆ ಗೋಪುರದಂತೆ ನಿಲ್ಲುವ, ಫ್ಯಾನ್ ಇರುವ ಕೂಲರ್) ಒಳಗೂ ನೀರಿದೆ! ಅದರಲ್ಲಿ ಕಾಣುವ ತಾಮ್ರದ ಕೊಳವೆಗಳು, ಅಂದರೆ ಹೀಟ್‌ಪೈಪ್‌ಗಳು, ಗಟ್ಟಿ ಸರಳುಗಳಲ್ಲ. ಅವು ಟೊಳ್ಳು. ಗಾಳಿ ತೆಗೆದು, ಸ್ವಲ್ಪವೇ ಸ್ವಲ್ಪ ನೀರು ಹಾಕಿ ಮುಚ್ಚಿರುತ್ತಾರೆ. ಒಳಗೆ ಒತ್ತಡ ಕಡಿಮೆ ಇರುವುದರಿಂದ ಆ ನೀರು ಕಡಿಮೆ ಬಿಸಿಗೇ ಆವಿಯಾಗುತ್ತದೆ, ಮೇಲಿನ ಫಿನ್‌ಗಳ (ತೆಳುವಾದ ಲೋಹದ ಹಾಳೆಗಳ) ಹತ್ತಿರ ತಣ್ಣಗಾಗಿ ಮತ್ತೆ ನೀರಾಗುತ್ತದೆ, ಕೊಳವೆಯ ಒಳಗೋಡೆಯ ಬತ್ತಿಯಂಥ ಪದರದಲ್ಲಿ ಕೆಳಗೆ ಬರುತ್ತದೆ. ಪಂಪ್ ಇಲ್ಲ, ಸದ್ದಿಲ್ಲ, ಕೆಡುವ ಭಾಗ ಅಂದರೆ ಹೊರಗಿನ ಫ್ಯಾನ್ ಒಂದೇ. ಇಷ್ಟು ಚೆಂದದ ಸಾಧನವನ್ನು ಸುಮ್ನೆ ಕಡೆಗಣಿಸಬೇಡಿ.

ಈಗ ನಿಮ್ಮ 5600ಕ್ಕೆ ಬರೋಣ. ಅದು ಪೂರ್ತಿ ಕೆಲಸದಲ್ಲಿದ್ದಾಗಲೂ ಮಾಮೂಲಿ ಸೆಟ್ಟಿಂಗ್‌ನಲ್ಲಿ 76 ವ್ಯಾಟ್‌ನ ಮಿತಿಯಲ್ಲಿರುತ್ತದೆ. ಅದಕ್ಕೆ ಲಿಕ್ವಿಡ್ ಕೂಲರ್ ಬೇಕಿಲ್ಲ. ಮೊದಲು ಕ್ಯಾಬಿನೆಟ್ ಬಿಚ್ಚಿ ಧೂಳು ತೆಗೆಯಿರಿ. ಮುಂದೆ ಗಾಜಿನಿಂದ ಮುಚ್ಚಿದ ಕ್ಯಾಬಿನೆಟ್ ಆಗಿದ್ದರೆ ಗಾಳಿ ಎಲ್ಲಿಂದ ಒಳಗೆ ಬರುತ್ತದೆ ನೋಡಿ. ಪ್ರೊಸೆಸರ್ ಮತ್ತು ಕೂಲರ್ ನಡುವೆ ಶಾಖ ದಾಟಿಸಲು ಹಚ್ಚುವ ಥರ್ಮಲ್ ಪೇಸ್ಟ್ ಹಾಕಿ ವರ್ಷಗಳಾಗಿದ್ದರೆ ಬದಲಿಸಿ. ಆಮೇಲೂ ಸಮಾಧಾನವಿಲ್ಲ ಅಂದರೆ ನಾಲ್ಕು ಹೀಟ್‌ಪೈಪ್ ಇರುವ ಟವರ್ ಕೂಲರ್ ಹಾಕಿ. 240 ಮಿ.ಮೀ. ರೇಡಿಯೇಟರ್ ಇರುವ ಲಿಕ್ವಿಡ್ ಕೂಲರ್‌ಗಿಂತ ಕಡಿಮೆ ಬೆಲೆಗೆ ಬರುತ್ತದೆ. ಕೊಳ್ಳುವ ಮೊದಲು ಅದರ ಎತ್ತರ ನಿಮ್ಮ ಕ್ಯಾಬಿನೆಟ್‌ನಲ್ಲಿ ಹಿಡಿಸುತ್ತದಾ ಅಂತ ಅಳೆಯಿರಿ.

ಲಿಕ್ವಿಡ್ ಕೂಲರ್ ಯಾರಿಗೂ ಬೇಡ ಅಂತ ನಾನು ಹೇಳುತ್ತಿಲ್ಲ. ಇಂಟೆಲ್‌ನ ಐ9-14900ಕೆ 253 ವ್ಯಾಟ್‌ವರೆಗೆ ಹೋಗುತ್ತದೆ. ಅದರಲ್ಲಿ ಗಂಟೆಗಟ್ಟಲೆ ವಿಡಿಯೊ ರೆಂಡರ್ ಮಾಡುವವರಿಗೆ 360 ಮಿ.ಮೀ. ರೇಡಿಯೇಟರ್ ಹಾಕಿದ್ದು ಸಾರ್ಥಕ. ದೊಡ್ಡ ಏರ್ ಕೂಲರ್ ಕೂರದ ಸಣ್ಣ ಕ್ಯಾಬಿನೆಟ್‌ಗೂ ಅದು ಒಳ್ಳೆಯದು.

ಹಾಕುವುದೇ ಆದರೆ ಎರಡು ಕಡೆ ಜಾಗ್ರತೆ. ನಿಮ್ಮ 5600 ಕೂರುವಂಥ ಎಎಂ4 ಸಾಕೆಟ್‌ನ ಬೋರ್ಡಿನಲ್ಲಿ ಹಳೆಯ ಕೂಲರನ್ನು ನೇರವಾಗಿ ಎಳೆಯಬೇಡಿ. ಪೇಸ್ಟ್ ಗಟ್ಟಿಯಾಗಿದ್ದರೆ ಪ್ರೊಸೆಸರ್ ಅದಕ್ಕೆ ಅಂಟಿಕೊಂಡೇ ಸಾಕೆಟ್‌ನಿಂದ ಕಿತ್ತು ಬರಬಹುದು, ಪಿನ್ ಬಾಗಬಹುದು. ಸ್ವಲ್ಪ ಹೊತ್ತು ಕಂಪ್ಯೂಟರ್ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿ ಎತ್ತಿ. ಇನ್ನೊಂದು, ಪಂಪ್ ಇಡೀ ಸಾಲಿನಲ್ಲಿ ಎಲ್ಲಕ್ಕಿಂತ ಮೇಲಿರಬಾರದು. ಒಳಗಿನ ಗಾಳಿ ಎತ್ತರದ ಜಾಗದಲ್ಲಿ ಸೇರುತ್ತದೆ. ರೇಡಿಯೇಟರ್ ಮೇಲ್ಭಾಗದಲ್ಲಿದ್ದರೆ ಈ ಚಿಂತೆ ಇರುವುದಿಲ್ಲ.

ಕರಾವಳಿಯವರು ಮಳೆಗಾಲದಲ್ಲಿ ಪೈಪಿನ ಮೇಲೆ ನೀರು ಬೆವರಿ ಬೋರ್ಡಿನ ಮೇಲೆ ಬೀಳುತ್ತದಾ ಅಂತ ಕೇಳುತ್ತಾರೆ. ಬೀಳುವುದಿಲ್ಲ. ಗಾಳಿಯ ತೇವ ಕೂರುವುದು ಗಾಳಿಗಿಂತ ತಣ್ಣಗಿರುವ ಜಾಗದ ಮೇಲೆ. ಈ ಪೈಪು ಓಡುತ್ತಿರುವಾಗ ರೂಮಿಗಿಂತ ಬೆಚ್ಚಗೇ ಇರುತ್ತದೆ.

ಇದರ ಜೊತೆಗೆ ಯಾರೂ ನೇರವಾಗಿ ಕೇಳದಿದ್ದರೂ ನಾನು ಹೇಳಲೇಬೇಕಾದದ್ದು ಒಂದಿದೆ. ಕೆಲವು ವರ್ಷಗಳ ನಂತರ ಒಳಗಿನ ನೀರು ಕಡಿಮೆಯಾಗುತ್ತದೆ. ಸೋರಿ ಅಲ್ಲ, ರಬ್ಬರ್ ಪೈಪಿನ ಗೋಡೆಯ ಮೂಲಕವೇ ತೀರಾ ನಿಧಾನವಾಗಿ ಹೊರಗೆ ಹೋಗುತ್ತದೆ. ಆಗ ಕೆಲವರು ಸ್ಕ್ರೂ ಬಿಚ್ಚಿ ಇನ್ವರ್ಟರ್‌ಗೆ ಹಾಕುವ ಬ್ಯಾಟರಿ ನೀರು ತುಂಬುತ್ತಾರೆ. ಕೆಲವರು ನಲ್ಲಿ ನೀರನ್ನೇ ಹಾಕುತ್ತಾರೆ. ಬೋರ್‌ವೆಲ್ ನೀರಿನ ಉಪ್ಪು ತಾಮ್ರದ ತಟ್ಟೆಯ ಕೂದಲೆಳೆಯಂಥ ಸಂದುಗಳಲ್ಲಿ ಕಟ್ಟಿಕೊಳ್ಳುತ್ತದೆ. ಬ್ಯಾಟರಿ ನೀರಿನಲ್ಲಿ ಉಪ್ಪಿಲ್ಲ ನಿಜ, ಆದರೆ ತುಕ್ಕು ತಡೆಯುವ ರಾಸಾಯನಿಕವೂ ಇಲ್ಲ. ಹೆಚ್ಚಿನ ಮಾಡೆಲ್‌ಗಳಲ್ಲಿ ತಟ್ಟೆ ತಾಮ್ರದ್ದು, ರೇಡಿಯೇಟರ್ ಅಲ್ಯೂಮಿನಿಯಂದು. ಈ ಎರಡು ಲೋಹ ಒಂದೇ ನೀರಿನಲ್ಲಿದ್ದರೆ ಅಲ್ಯೂಮಿನಿಯಂ ಸವೆಯುತ್ತದೆ. ಅದನ್ನು ತಡೆಯಲೆಂದೇ ಕಂಪನಿಯವರು ನೀರಿಗೆ ತುಕ್ಕು ತಡೆಯುವ ರಾಸಾಯನಿಕ ಸೇರಿಸಿರುತ್ತಾರೆ. ನೀವು ನೀರು ಹಾಕಿ ತೆಳುವು ಮಾಡಿದಷ್ಟೂ ಆ ರಕ್ಷಣೆ ಕಡಿಮೆ.

ತುಂಬಲು ಪ್ರತ್ಯೇಕ ಮುಚ್ಚಳ ಇರುವ ಕೆಲವು ಮಾಡೆಲ್‌ಗಳಿವೆ. ಅವಕ್ಕೆ ಕಂಪನಿ ಹೇಳಿದ ದ್ರವವನ್ನೇ ಹಾಕಿ. ಮುಚ್ಚಳ ಇಲ್ಲದ್ದನ್ನು ಬಿಚ್ಚಬೇಡಿ. ಗುಳುಗುಳು ಸದ್ದು ನಿಲ್ಲದೆ ಬರುತ್ತಿದ್ದು, ಪಂಪ್ ಓಡುತ್ತಿದ್ದರೂ ಬರೀ ಬ್ರೌಸರ್ ತೆರೆದಾಗಲೇ ಪ್ರೊಸೆಸರ್ 80 ಮುಟ್ಟುತ್ತಿದ್ದರೆ ಬಿಲ್ ಹುಡುಕಿ ವಾರಂಟಿ ನೋಡಿ. ಅದು ಮುಗಿದಿದ್ದರೆ ಹೊಸ ಕೂಲರೇ ಬೇಕು.