ಬಾವುಟ ನಮ್ಮದು, ಪೈಲಟ್ ಅವರದು: ಅರವತ್ತರ ದಶಕದ ಪುಟ್ಟ ದೇಶಗಳ ಏರ್‌ಲೈನ್‌ಗಳು

1968ರ ಡಿಸೆಂಬರ್ 28ರ ರಾತ್ರಿ ಇಸ್ರೇಲಿನ ಕಮಾಂಡೊಗಳು ಹೆಲಿಕಾಪ್ಟರ್‌ನಲ್ಲಿ ಬಂದು ಬೈರೂತ್ ವಿಮಾನ ನಿಲ್ದಾಣದಲ್ಲಿ ಇಳಿದರು. ಅಲ್ಲಿ ನಿಂತಿದ್ದ ಹತ್ತಕ್ಕೂ ಹೆಚ್ಚು ವಿಮಾನಗಳಿಗೆ ಸ್ಫೋಟಕ ಇಟ್ಟು ಸುಟ್ಟುಹಾಕಿದರು. ಯಾರೂ ಸಾಯಲಿಲ್ಲ. ಸುಟ್ಟವೆಲ್ಲ ಲೆಬನಾನಿನ ಕಂಪನಿಗಳು ಓಡಿಸುತ್ತಿದ್ದ ವಿಮಾನಗಳು. ಆದರೆ ಅವುಗಳಲ್ಲಿ ಒಂದು, ವಿಸಿ-10 ಜೆಟ್, ಘಾನಾ ದೇಶದ್ದು. ಇಸ್ರೇಲ್ ಮತ್ತು ಅರಬ್ಬರ ಜಗಳಕ್ಕೂ ಘಾನಾಕ್ಕೂ ಏನೇನೂ ಸಂಬಂಧ ಇರಲಿಲ್ಲ.

ಮತ್ತೆ ಘಾನಾದ ವಿಮಾನಕ್ಕೆ ಬೈರೂತಿನಲ್ಲೇನು ಕೆಲಸ? ಬಾಡಿಗೆಗೆ ದುಡಿಯುತ್ತಿತ್ತು, ಅಷ್ಟೇ. ಕೊಂಡವರ ಬಳಿ ಅದನ್ನು ತುಂಬಿಸುವಷ್ಟು ಪ್ರಯಾಣಿಕರಿರಲಿಲ್ಲ. ಲೆಬನಾನಿನ ಮಿಡ್ಲ್ ಈಸ್ಟ್ ಏರ್‌ಲೈನ್ಸ್‌ಗೆ ವಿಮಾನ ಬೇಕಿತ್ತು. ತುಂಬಿಸಲು ಆಗದ ವಿಮಾನವನ್ನು ಘಾನಾ ಕೊಂಡದ್ದಾದರೂ ಯಾಕೆ ಅಂತ ಕೇಳಿದರೆ ಕಥೆ 1944ಕ್ಕೆ ಹೋಗುತ್ತದೆ.

ಆ ವರ್ಷದ ಕೊನೆಗೆ, ಮಹಾಯುದ್ಧ ಇನ್ನೂ ನಡೆಯುತ್ತಿರುವಾಗಲೇ, 50ಕ್ಕೂ ಹೆಚ್ಚು ದೇಶಗಳ ಪ್ರತಿನಿಧಿಗಳು ಅಮೆರಿಕದ ಶಿಕಾಗೋದಲ್ಲಿ ಸೇರಿದರು. ಯುದ್ಧ ಮುಗಿದ ಮೇಲೆ ಆಕಾಶ ಯಾರದ್ದು ಅನ್ನುವುದು ಪ್ರಶ್ನೆ. ಎಲ್ಲರೂ ಎಲ್ಲಿಗೆ ಬೇಕಾದರೂ ಹಾರಲಿ ಎಂದು ಅಮೆರಿಕ ಹೇಳಿತು. ಹೇಳದೆ ಇರುತ್ತದಾ? ಹಾರಲು ಬೇಕಾದಷ್ಟು ವಿಮಾನ ಆಗ ಇದ್ದದ್ದು ಅವರ ಹತ್ತಿರವೇ. ಬ್ರಿಟನ್ ಒಪ್ಪಲಿಲ್ಲ. ಕೊನೆಗೆ ಒಪ್ಪಂದದ ಮೊದಲ ವಿಧಿಯಲ್ಲೇ ಬರೆದದ್ದು ಇದು: ತನ್ನ ನೆಲದ ಮೇಲಿನ ಆಕಾಶಕ್ಕೆ ಆಯಾ ದೇಶವೇ ಸಂಪೂರ್ಣ ಒಡೆಯ. ಯಾರು ಎಲ್ಲಿಂದ ಎಲ್ಲಿಗೆ ಜನರನ್ನು ಸಾಗಿಸಬಹುದು ಎಂಬುದನ್ನು ದೇಶಗಳು ಎರಡೆರಡಾಗಿ ಕೂತು ಮಾತಾಡಿಕೊಳ್ಳಬೇಕು. 1946ರಲ್ಲಿ ಬರ್ಮುಡಾದಲ್ಲಿ ಅಮೆರಿಕ ಮತ್ತು ಬ್ರಿಟನ್ ಮಾಡಿಕೊಂಡ ಒಪ್ಪಂದ ಇದಕ್ಕೆ ಮಾದರಿಯಾಯಿತು.

ನಮ್ಮ ಕರಾವಳಿಯ ಖಾಸಗಿ ಬಸ್ಸಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಸ್ಸು ಇವತ್ತು ಕೊಳ್ಳಬಹುದು, ನಾಳೆ ಮಾರಬಹುದು. ಬೆಲೆ ಇರುವುದು ರೂಟ್ ಪರ್ಮಿಟ್ಟಿಗೆ.

1960 ಒಂದೇ ವರ್ಷದಲ್ಲಿ ಆಫ್ರಿಕಾದ 17 ದೇಶಗಳು ಸ್ವತಂತ್ರವಾದವು. ಬಾವುಟ, ರಾಷ್ಟ್ರಗೀತೆ, ವಿಶ್ವಸಂಸ್ಥೆಯಲ್ಲಿ ಕುರ್ಚಿ, ಇವುಗಳ ಜೊತೆಗೆ ಪ್ರತಿ ದೇಶಕ್ಕೂ ಒಂದು ಕಂತೆ ಪರ್ಮಿಟ್ಟೂ ಕೈಗೆ ಬಂತು ಎನ್ನಬಹುದು. ಲಂಡನ್ನಿನಿಂದ ನಿಮ್ಮ ರಾಜಧಾನಿಗೆ ಬ್ರಿಟಿಷ್ ವಿಮಾನ ಬರಬೇಕಾದರೆ ನಿಮ್ಮ ಒಪ್ಪಿಗೆ ಬೇಕು. ಬದಲಿಗೆ ನಿಮಗೂ ಲಂಡನ್ನಿಗೆ ಹಾರುವ ಹಕ್ಕು. ಆದರೆ ಆ ಹಕ್ಕು ಬಳಸಲು ನಿಮ್ಮದೇ ಒಂದು ಏರ್‌ಲೈನ್ ಬೇಡವೇ? ಇಲ್ಲದಿದ್ದರೆ ಹಕ್ಕು ಕಾಗದದಲ್ಲೇ ಉಳಿಯುತ್ತದೆ, ದುಡ್ಡು ಹಳೇ ದೊರೆಗಳ ಕಂಪನಿಗೇ ಹೋಗುತ್ತದೆ. ಪುಟ್ಟ ದೇಶಗಳ ಏರ್‌ಲೈನ್ ಅಂದರೆ ಬರೀ ಒಣ ಜಂಬ ಅಂತ ಆಗ ಯುರೋಪಿನಲ್ಲಿ ನಗುತ್ತಿದ್ದವರು ಇದನ್ನು ಮರೆತಿದ್ದರು. ಜಂಬವೂ ಇತ್ತು, ಇಲ್ಲ ಅನ್ನಲಾರೆ. ಆದರೆ ಲೆಕ್ಕಾಚಾರವೂ ಇತ್ತು.

ಹಕ್ಕೇನೋ ಬಂತು, ಓಡಿಸುವವರು ಯಾರು? ಪೈಲಟ್ ಇಲ್ಲ, ಎಂಜಿನಿಯರ್ ಇಲ್ಲ, ಬಿಡಿಭಾಗ ಇಲ್ಲ. ಹಾಗಾಗಿ ಬಹುತೇಕ ಎಲ್ಲ ಕಡೆ ಒಂದೇ ಬಗೆಯ ಏರ್ಪಾಡು: ದೊಡ್ಡ ವಿದೇಶಿ ಕಂಪನಿಗೆ ಪಾಲು ಕೊಟ್ಟು, ಅವರ ಜನರನ್ನೇ ಇಟ್ಟುಕೊಂಡು, ವಿಮಾನದ ಬಾಲಕ್ಕೆ ನಮ್ಮ ಬಣ್ಣ ಬಳಿಯುವುದು. ಅಫ್ಘಾನಿಸ್ತಾನದ ಅರಿಯಾನಾದಲ್ಲಿ ಶೇ 49ರಷ್ಟು ಪಾಲು ಮೊದಲು ಭಾರತದಲ್ಲಿದ್ದ ಇಂಡಾಮೆರ್ ಕಂಪನಿಯ ಕೈಯಲ್ಲಿತ್ತು, ಆಮೇಲೆ ಅಮೆರಿಕದ ಪ್ಯಾನ್ ಆಮ್ ಕೈಗೆ ಹೋಯಿತು. ಸಿಲೋನಿನ ಏರ್ ಸಿಲೋನ್ ಮೊದಲು ಆಸ್ಟ್ರೇಲಿಯಾದವರ ಜೊತೆ, ನಂತರ ಡಚ್ಚರ ಕೆಎಲ್‌ಎಂ ಜೊತೆ, ಆಮೇಲೆ ಬ್ರಿಟನ್ನಿನ ಬಿಓಎಸಿ ಜೊತೆ ಸಂಸಾರ ಮಾಡಿತು. ಬಹರೈನಿನಲ್ಲಿ ಫ್ರೆಡ್ಡಿ ಬೋಸ್ವರ್ತ್ ಎಂಬ ಬ್ರಿಟಿಷ್ ಪೈಲಟ್ 1950ರಲ್ಲಿ ಶುರು ಮಾಡಿದ ಗಲ್ಫ್ ಏವಿಯೇಷನ್‌ನಲ್ಲೂ ಬಿಓಎಸಿ ದೊಡ್ಡ ಪಾಲುದಾರ. ಎಪ್ಪತ್ತರ ದಶಕದಲ್ಲಿ ನಾಲ್ಕು ಕೊಲ್ಲಿ ಸಂಸ್ಥಾನಗಳು ಸೇರಿ ಅದನ್ನು ಕೊಂಡು ಗಲ್ಫ್ ಏರ್ ಮಾಡಿದವು. ಮಂಗಳೂರು, ಉಡುಪಿ ಕಡೆಯಿಂದ ಕೊಲ್ಲಿಗೆ ಹೋದ ಹಿರಿಯರಿಗೆ ಈ ಹೆಸರು ಚೆನ್ನಾಗಿ ಗೊತ್ತು.

ಭಾರತ ಈ ಸಾಲಿನಲ್ಲಿ ಬರುವುದಿಲ್ಲ. ಟಾಟಾ ಅವರ ಕಂಪನಿ 1932ರಿಂದಲೇ ಹಾರುತ್ತಿತ್ತು, ಪೈಲಟ್‌ಗಳು ಇಲ್ಲಿನವರೇ ಇದ್ದರು. ಯುದ್ಧ ಮುಗಿದಾಗ ಸೇನೆ ಬಿಟ್ಟುಹೋದ ಡಕೋಟಾ ವಿಮಾನಗಳು ಅಗ್ಗಕ್ಕೆ ಸಿಕ್ಕವು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಅವುಗಳನ್ನು ಪ್ರಯಾಣಿಕರ ವಿಮಾನಗಳಾಗಿ ಮಾರ್ಪಡಿಸುವ ಕೆಲಸ ನಡೆಯಿತು. 1960ರಲ್ಲಿ ಏರ್ ಇಂಡಿಯಾ ಬೋಯಿಂಗ್ 707 ತಂದು ನ್ಯೂಯಾರ್ಕ್‌ಗೆ ಹಾರಿತು. 1962ರ ಹೊತ್ತಿಗೆ ಅದರ ಬಳಿ ಇದ್ದವೆಲ್ಲ ಜೆಟ್‌ಗಳೇ. ಹೊಸದಾಗಿ ಸ್ವತಂತ್ರವಾದ ದೇಶಗಳು ಇದನ್ನು ನೋಡಿ ನಾವೂ ಯಾಕೆ ಮಾಡಬಾರದು ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ಭಾರತದ ಹಿಂದೆ ಮೂವತ್ತು ವರ್ಷದ ಅಭ್ಯಾಸ ಇತ್ತು ಅನ್ನುವುದು ಹೊರಗಿನಿಂದ ಕಾಣುವ ಸಂಗತಿಯಲ್ಲ.

ಘಾನಾಕ್ಕೆ ಆ ಅಭ್ಯಾಸ ಇರಲಿಲ್ಲ, ಅವಸರ ಮಾತ್ರ ಇತ್ತು. 1958ರಲ್ಲಿ ಬಿಓಎಸಿಗೆ ಶೇ 40 ಪಾಲು ಕೊಟ್ಟು ಘಾನಾ ಏರ್‌ವೇಸ್ ಶುರುವಾಯಿತು. ಮೂರೇ ವರ್ಷದಲ್ಲಿ ಅಧ್ಯಕ್ಷ ಎನ್‌ಕ್ರುಮಾ ಸರ್ಕಾರ ಬ್ರಿಟಿಷರ ಪಾಲನ್ನು ಕೊಂಡು ಪೂರ್ತಿ ತನ್ನದಾಗಿಸಿಕೊಂಡಿತು. ಇಡೀ ಆಫ್ರಿಕಾವನ್ನು ಒಂದು ಮಾಡಬೇಕು, ಅದಕ್ಕೆ ಆಫ್ರಿಕಾದೊಳಗೇ ಹಾರುವ ವಿಮಾನ ಬೇಕು ಅನ್ನುವುದು ಅವರ ಕನಸು. ಅದು ಹುಚ್ಚು ಕನಸೇನೂ ಆಗಿರಲಿಲ್ಲ. ಆಗ ಪಶ್ಚಿಮ ಆಫ್ರಿಕಾದಿಂದ ಪೂರ್ವ ಆಫ್ರಿಕಾಕ್ಕೆ ಹೋಗಬೇಕಾದರೆ ಎಷ್ಟೋ ಸಲ ಯುರೋಪಿಗೆ ಹೋಗಿ ತಿರುಗಿ ಬರಬೇಕಿತ್ತು. ಮಾರ್ಗಗಳೆಲ್ಲ ಲಂಡನ್, ಪ್ಯಾರಿಸ್ ಕಡೆಗೇ ಮುಖ ಮಾಡಿದ್ದವು.

ಸೋವಿಯತ್ ಒಕ್ಕೂಟದಿಂದ ಎಂಟು ಇಲ್ಯೂಷಿನ್-18 ವಿಮಾನ ಕೊಳ್ಳಲು ಒಪ್ಪಂದವಾಯಿತು. ಬ್ರಿಟನ್ನಿಗೆ ವಿಸಿ-10 ಆರ್ಡರ್ ಹೋಯಿತು. ವಿಸಿ-10 ಒಳ್ಳೆಯ ಆಯ್ಕೆಯೇ. ಬಿಸಿಲೂ ಎತ್ತರವೂ ಇರುವ ಕಡೆ ಗಾಳಿ ತೆಳು, ವಿಮಾನ ಮೇಲೇಳಲು ಉದ್ದ ರನ್‌ವೇ ಬೇಕು. ಅಂಥ ಊರುಗಳ ಗಿಡ್ಡ ರನ್‌ವೇಗಳಿಂದ ಏಳಲೆಂದೇ ಅದನ್ನು ಮಾಡಿದ್ದರು. ನಾಲ್ಕೂ ಎಂಜಿನ್ ಬಾಲದ ಹತ್ತಿರ, ಹಾಗಾಗಿ ರೆಕ್ಕೆ ಪೂರ್ತಿ ಮೇಲೆತ್ತುವ ಕೆಲಸಕ್ಕೇ ಸಿಗುತ್ತಿತ್ತು. ತೊಂದರೆ ವಿಮಾನದ್ದಲ್ಲ, ಸೀಟುಗಳದ್ದು. ಟಿಕೆಟ್ ಕೊಳ್ಳುವವರೇ ಕಮ್ಮಿ. ಇಲ್ಯೂಷಿನ್‌ಗಳನ್ನು ಕೆಲವೇ ವರ್ಷದಲ್ಲಿ ಸೋವಿಯತ್‌ಗೆ ವಾಪಸ್ ಕೊಟ್ಟರು. ಒಂದು ವಿಸಿ-10 ಬೈರೂತಿಗೆ ಬಾಡಿಗೆಗೆ ಹೋಯಿತು. ಮುಂದಿನದು ಗೊತ್ತೇ ಇದೆ.

ಹಾಗಾದರೆ ಒಬ್ಬೊಬ್ಬರೇ ಮಾಡುವ ಬದಲು ಒಟ್ಟಿಗೆ ಮಾಡಿದರೆ? ಹಿಂದೆ ಫ್ರಾನ್ಸ್ ಆಳುತ್ತಿದ್ದ 11 ದೇಶಗಳು 1961ರ ಮಾರ್ಚಿನಲ್ಲಿ ಕ್ಯಾಮರೂನಿನ ರಾಜಧಾನಿ ಯಾವುಂಡೆಯಲ್ಲಿ ಸಹಿ ಹಾಕಿ ಏರ್ ಆಫ್ರಿಕ್ ಕಟ್ಟಿದವು. ಒಂದೊಂದು ದೇಶಕ್ಕೂ ಶೇ 6 ಪಾಲು. ಉಳಿದ ಶೇ 34 ಏರ್ ಫ್ರಾನ್ಸ್ ಮತ್ತು ಇನ್ನೊಂದು ಫ್ರೆಂಚ್ ಕಂಪನಿಯ ಜಂಟಿ ಸಂಸ್ಥೆಗೆ. ಬಿಡಿಬಿಡಿಯಾಗಿ ನೋಡಿದರೆ ಎಲ್ಲರಿಗಿಂತ ದೊಡ್ಡ ಪಾಲುದಾರ ಯಾರು ಅಂತ ಹೇಳಬೇಕಾಗಿಲ್ಲ. ಆದರೂ ಇದು ನಲವತ್ತು ವರ್ಷ ಬಾಳಿತು, 2002ರಲ್ಲಿ ಮುಳುಗಿತು. ಕೀನ್ಯಾ, ಉಗಾಂಡಾ, ಟಾಂಜಾನಿಯಾ ಸೇರಿ ನಡೆಸುತ್ತಿದ್ದ ಈಸ್ಟ್ ಆಫ್ರಿಕನ್ ಏರ್‌ವೇಸ್ ಬ್ರಿಟಿಷರ ಕಾಲದಿಂದಲೂ ಇತ್ತು. ಮೂರೂ ದೇಶಗಳು ಮುನಿಸಿಕೊಂಡಾಗ, 1977ರಲ್ಲಿ, ಅದೂ ಮುಚ್ಚಿತು.

ಇನ್ನು ಯುರೋಪಿನ ಒಂದು ಪುಟ್ಟ ಏರ್‌ಲೈನ್ ಬಗ್ಗೆ ಹೇಳಲೇಬೇಕು. ಇದು ನನಗೆ ತುಂಬ ಇಷ್ಟದ ಕಥೆ.

ಆಗ ಟಿಕೆಟ್ ದರ ಮಾರುಕಟ್ಟೆ ನಿರ್ಧರಿಸುತ್ತಿರಲಿಲ್ಲ. ಏರ್‌ಲೈನ್‌ಗಳ ಸಂಘ ಐಯಾಟಾ ಸಭೆ ಸೇರಿ ತೀರ್ಮಾನ ಮಾಡುತ್ತಿತ್ತು, ಸರ್ಕಾರಗಳು ಒಪ್ಪಿಗೆಯ ಮುದ್ರೆ ಒತ್ತುತ್ತಿದ್ದವು. ದರವಷ್ಟೇ ಅಲ್ಲ, ಊಟವೂ. 1958ರಲ್ಲಿ ಅಟ್ಲಾಂಟಿಕ್ ದಾಟುವ ವಿಮಾನಗಳಲ್ಲಿ ಅಗ್ಗದ ಎಕಾನಮಿ ಕ್ಲಾಸ್ ಬಂದಾಗ, ಅದರಲ್ಲಿ ಸಾದಾ ಸ್ಯಾಂಡ್‌ವಿಚ್ ಮಾತ್ರ ಕೊಡಬೇಕು ಅನ್ನುವ ನಿಯಮ ಆಯಿತು. ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ಸ್ಯಾಂಡ್‌ವಿಚ್ ಹೆಸರಿನಲ್ಲಿ ಭರ್ಜರಿ ಊಟವನ್ನೇ ಬಡಿಸುತ್ತಿದೆ ಎಂದು ಅಮೆರಿಕದ ಕಂಪನಿಗಳು ದೂರು ಕೊಟ್ಟವು. ವಿಚಾರಣೆ ನಡೆದು ದಂಡವೂ ಬಿತ್ತು. ನಿಜವಾಗಿಯೂ!

ಐಸ್‌ಲ್ಯಾಂಡಿನ ಲೋಫ್ಟ್‌ಲೇಯ್ದಿರ್ ಈ ಸಂಘಕ್ಕೆ ಸೇರಲೇ ಇಲ್ಲ. 1944ರಲ್ಲಿ ಮೂವರು ಯುವ ಪೈಲಟ್‌ಗಳು ಶುರು ಮಾಡಿದ ಕಂಪನಿ. ಅರವತ್ತರ ದಶಕದ ನಡುವಿನಲ್ಲೂ ಆ ದೇಶದ ಜನಸಂಖ್ಯೆ 2 ಲಕ್ಷ ಮುಟ್ಟಿರಲಿಲ್ಲ. ಸ್ವಂತ ಪ್ರಯಾಣಿಕರನ್ನು ನಂಬಿದರೆ ಹೊಟ್ಟೆ ತುಂಬುವುದಿಲ್ಲ. ಆದರೆ ಭೂಪಟ ನೋಡಿ, ಅಮೆರಿಕ ಮತ್ತು ಯುರೋಪಿನ ನಡುವಿನ ದಾರಿಯಲ್ಲೇ ಐಸ್‌ಲ್ಯಾಂಡ್ ಇದೆ. ನ್ಯೂಯಾರ್ಕ್‌ನಿಂದ ರೇಕ್ಯಾವಿಕ್‌ಗೆ, ಅಲ್ಲಿಂದ ಲಕ್ಸೆಂಬರ್ಗ್‌ಗೆ, ಬೇರೆಯವರಿಗಿಂತ ಕಡಿಮೆ ದರಕ್ಕೆ. ಲಕ್ಸೆಂಬರ್ಗೇ ಯಾಕೆ? ಅಟ್ಲಾಂಟಿಕ್ ದಾಟುವ ಸ್ವಂತ ಏರ್‌ಲೈನ್ ಅದಕ್ಕೆ ಇರಲಿಲ್ಲ. ಕಾಪಾಡಿಕೊಳ್ಳಲು ಏನೂ ಇಲ್ಲದಿದ್ದರಿಂದ ಅಗ್ಗದ ಟಿಕೆಟ್‌ಗೆ ಅಡ್ಡಿ ಮಾಡಲಿಲ್ಲ. ಇತ್ತ ಐಸ್‌ಲ್ಯಾಂಡಿನ ಕೆಫ್ಲಾವಿಕ್‌ನಲ್ಲಿ ಅಮೆರಿಕದ ಸೇನಾ ನೆಲೆ ಇತ್ತು. ಪುಟ್ಟ ಮಿತ್ರನನ್ನು ಸುಮ್ಮನೆ ಎದುರು ಹಾಕಿಕೊಳ್ಳುವ ಉತ್ಸಾಹ ವಾಷಿಂಗ್ಟನ್ನಿಗೂ ಇರಲಿಲ್ಲ.

ಎಲ್ಲರೂ ಜೆಟ್ ಕೊಳ್ಳುತ್ತಿದ್ದಾಗ ಇವರು ಪ್ರೊಪೆಲರ್ ವಿಮಾನಗಳನ್ನೇ ಓಡಿಸಿದರು. ನಿಧಾನ, ಆದರೆ ಅಗ್ಗ ಅನ್ನುವುದನ್ನೇ ಜಾಹೀರಾತು ಮಾಡಿಕೊಂಡರು. ವಿದ್ಯಾರ್ಥಿಗಳು, ಬೆನ್ನಿಗೆ ಚೀಲ ಹಾಕಿಕೊಂಡು ಯುರೋಪ್ ಸುತ್ತಲು ಹೊರಟ ಹುಡುಗ ಹುಡುಗಿಯರು ಮುಗಿಬಿದ್ದರು. ಹಿಪ್ಪಿ ಏರ್‌ಲೈನ್ ಅನ್ನುವ ಅಡ್ಡಹೆಸರೇ ಬಂತು. 1966ರಲ್ಲಿ ತಮ್ಮ ಸಿಎಲ್-44 ವಿಮಾನವನ್ನು ಉದ್ದ ಮಾಡಿಸಿ 189 ಸೀಟು ಹಾಕಿಸಿದರು. ಅದೇ ವರ್ಷ ರೇಕ್ಯಾವಿಕ್‌ನಲ್ಲಿ ಹೋಟೆಲ್ ಕಟ್ಟಿ, ಒಂದು ದಿನ ಇಳಿದು ಊರು ನೋಡಿ ಹೋಗಿ ಅಂದರು. ಇವತ್ತು ಐಸ್‌ಲ್ಯಾಂಡ್‌ಏರ್ ಮಾರುವ ಸ್ಟಾಪ್‌ಓವರ್ ಟಿಕೆಟ್ಟಿನ ಬೇರು ಇಲ್ಲಿದೆ.

ಲಕ್ಸೆಂಬರ್ಗಿನ ಈ ಸಡಿಲ ಬಾಗಿಲಿನಿಂದ ಒಳ್ಳೆಯದಷ್ಟೇ ಬರಲಿಲ್ಲ. 1963ರಲ್ಲಿ ವರ್ಣಭೇದ ನೀತಿ ವಿರೋಧಿಸಿ ಆಫ್ರಿಕಾದ ಹಲವು ದೇಶಗಳು ದಕ್ಷಿಣ ಆಫ್ರಿಕಾದ ವಿಮಾನಗಳಿಗೆ ತಮ್ಮ ಆಕಾಶ ಮುಚ್ಚಿದವು. ಶಿಕಾಗೋದ ಮೊದಲ ವಿಧಿಯನ್ನು ಪುಟ್ಟ ದೇಶಗಳು ಅಸ್ತ್ರವಾಗಿ ಬಳಸಿದ್ದು ಹೀಗೆ. ಸೌತ್ ಆಫ್ರಿಕನ್ ಏರ್‌ವೇಸ್ ಖಂಡದ ಪಶ್ಚಿಮದ ಉಬ್ಬನ್ನು ಸಮುದ್ರದ ಮೇಲೆ ಸುತ್ತಿ ಹಾರಬೇಕಾಯಿತು. ಅಲ್ಲಿನ ಟ್ರೆಕ್ ಏರ್‌ವೇಸ್ ಎಂಬ ಸಣ್ಣ ಕಂಪನಿ ಮಾತ್ರ 1964ರಲ್ಲಿ ಲಕ್ಸೆಂಬರ್ಗಿನ ಲಕ್ಸ್‌ಏರ್ ಜೊತೆ ಕೈಜೋಡಿಸಿ, ಅವರ ಹೆಸರಿನಲ್ಲಿ ಜೊಹಾನ್ಸ್‌ಬರ್ಗ್‌ಗೆ ಜನರನ್ನು ಸಾಗಿಸಿತು.

ಈ ಎಲ್ಲರ ನಡುವೆ ನಿಜವಾಗಿ ಬೆಳೆದದ್ದು ಇಥಿಯೋಪಿಯನ್ ಏರ್‌ಲೈನ್ಸ್. ಅದರ ಆರಂಭದಲ್ಲಿ ವಿಶೇಷ ಏನೂ ಇಲ್ಲ. 1945ರಲ್ಲಿ ಚಕ್ರವರ್ತಿ ಹೈಲೆ ಸೆಲಾಸಿ ಸರ್ಕಾರ ಅಮೆರಿಕದ ಟಿಡಬ್ಲ್ಯುಎ ಜೊತೆ ಒಪ್ಪಂದ ಮಾಡಿಕೊಂಡಿತು. ಮರು ವರ್ಷ ಸೇನೆಯ ಹಳೇ ಡಕೋಟಾದಲ್ಲಿ ರಾಜಧಾನಿ ಅಡಿಸ್ ಅಬಾಬಾದಿಂದ ಕೈರೋಗೆ ಮೊದಲ ಹಾರಾಟ. ಪೈಲಟ್‌ಗಳು, ಮ್ಯಾನೇಜರ್‌ಗಳು ಎಲ್ಲ ಅಮೆರಿಕದವರು. ವ್ಯತ್ಯಾಸ ಇದ್ದದ್ದು ಒಂದರಲ್ಲಿ: ಅವಸರ ಮಾಡಲಿಲ್ಲ, ಕಲಿಯುವುದನ್ನು ಬಿಡಲಿಲ್ಲ. ಮೊದಲ ಇಥಿಯೋಪಿಯನ್ ಕ್ಯಾಪ್ಟನ್ ಅಲೆಮಾಯೆಹು ಅಬೆಬೆ ಆ ಸ್ಥಾನಕ್ಕೆ ಬಂದದ್ದು 1957ರಲ್ಲಿ. ಊರೊಳಗಿನ ಹಳೇ ಏರೋಡ್ರೋಮ್ ಜೆಟ್‌ಗೆ ಸಾಲದು ಎಂದು, 2,300 ಮೀಟರ್‌ಗೂ ಎತ್ತರದಲ್ಲಿ ಬೋಲೆಯಲ್ಲಿ ಉದ್ದ ರನ್‌ವೇ ಕಟ್ಟಿದ ಮೇಲೆಯೇ, 1962ರ ಕೊನೆಗೆ, ಬೋಯಿಂಗ್ 720 ತಂದರು. ಜನರಲ್ ಮ್ಯಾನೇಜರ್ ಕುರ್ಚಿಗೆ ಇಥಿಯೋಪಿಯಾದವರು ಬಂದದ್ದು 1971ರಲ್ಲಿ. ಟಿಡಬ್ಲ್ಯುಎ ಹೊರಟದ್ದು 1975ರಲ್ಲಿ. ಅಂದರೆ ಮೂವತ್ತು ವರ್ಷ. ಇಥಿಯೋಪಿಯಾ ಯಾರ ವಸಾಹತೂ ಆಗಿ ಉಳಿದಿರಲಿಲ್ಲ, ಹಾಗಾಗಿ ವಿದೇಶಿ ಮ್ಯಾನೇಜರ್ ಇದ್ದರೆ ಅಷ್ಟು ಚುಚ್ಚುತ್ತಿರಲಿಲ್ಲವೇನೋ ಅಂತ ನನ್ನ ಊಹೆ. ಘಾನಾಕ್ಕೆ ಆ ತಾಳ್ಮೆ ಇರಬೇಕಿತ್ತು ಅಂತ ಈಗ ಹೇಳುವುದು ಸುಲಭ.

ಘಾನಾ ಏರ್‌ವೇಸ್ 2004ರಲ್ಲಿ ಹಾರಾಟ ನಿಲ್ಲಿಸಿತು. ಟಿಡಬ್ಲ್ಯುಎ ಕೂಡ 2001ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಹೊಟ್ಟೆ ಸೇರಿತು. ಅದರ ಶಿಷ್ಯ ಇಥಿಯೋಪಿಯನ್ ಈಗ ಆಫ್ರಿಕಾದ ಅತಿ ದೊಡ್ಡ ಏರ್‌ಲೈನ್. ಏರ್ ಆಫ್ರಿಕ್ ಮುಳುಗಿದ ಜಾಗದಲ್ಲಿ, ಟೋಗೋ ದೇಶದ ಲೋಮೆಯಲ್ಲಿ, 2010ರಲ್ಲಿ ಶುರುವಾದ ಆಸ್ಕೈ ಎಂಬ ಏರ್‌ಲೈನ್‌ಗೆ ಪಾಲುದಾರ ಅದೇ. 2021ರಲ್ಲಿ ಜಾಂಬಿಯಾ ತನ್ನ ಹಳೇ ಏರ್‌ಲೈನ್ ಹೆಸರಿಗೆ ಮತ್ತೆ ಜೀವ ಕೊಟ್ಟಾಗ ಶೇ 45 ಪಾಲು ಹಾಕಿದ್ದೂ ಅದೇ.