ಮರೆವು, ಖಿನ್ನತೆ, ಸಂಪರ್ಕ: ಕಡಿಮೆಯಾಗುವುದು ಏನು?

ಅಲ್ಝೈಮರ್ ರೋಗದ ಜೊತೆಗೆ ಖಿನ್ನತೆಯೂ ಇರುವವರ ಮೆದುಳಿನ ಬಗ್ಗೆ ಓದುವಾಗ 'ಕ್ರಿಯಾತ್ಮಕ ಸಂಪರ್ಕ ಕುಗ್ಗಿದೆ' ಎಂಬ ಮಾತು ಪುಟಪುಟಕ್ಕೂ ಎದುರಾಗುತ್ತದೆ. ಇಲ್ಲಿ ಕುಗ್ಗಿದ್ದು ನರತಂತುವಲ್ಲ, ಒಂದು ಸಂಖ್ಯೆ. ಆ ಸಂಖ್ಯೆ ಹುಟ್ಟುವ ಬಗೆಯನ್ನು ನಿಧಾನವಾಗಿ ನೋಡೋಣ.

ರೋಗಿ ಎಂಆರ್‌ಐ ಯಂತ್ರದೊಳಗೆ ಸುಮ್ಮನೆ ಮಲಗಿರುತ್ತಾರೆ. ಎರಡು ಸೆಕೆಂಡಿಗೊಂದು ಚಿತ್ರ ತೆಗೆದರೆ ಎಂಟು ನಿಮಿಷಕ್ಕೆ 240 ಚಿತ್ರ. ಅಂದರೆ ಮೆದುಳಿನ ಪ್ರತಿಯೊಂದು ಭಾಗಕ್ಕೂ 240 ಅಂಕಿಗಳ ಒಂದು ಸಾಲು ಸಿಗುತ್ತದೆ. ಅದು ರಕ್ತದ ಆಮ್ಲಜನಕದ ಏರಿಳಿತ. ನೆನಪಿಗೆ ಬೇಕಾದ ಹಿಪ್ಪೋಕ್ಯಾಂಪಸ್‌ನ ಸಾಲನ್ನೂ ಮೆದುಳಿನ ಹಿಂಬದಿಯ ಪೋಸ್ಟೀರಿಯರ್ ಸಿಂಗ್ಯುಲೇಟ್‌ನ ಸಾಲನ್ನೂ ಅಕ್ಕಪಕ್ಕ ಇಡಿ. ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಆ ಜೊತೆಯ ಅಳತೆಯಾದ ಸಹಸಂಬಂಧ 1ರ ಹತ್ತಿರ. ಪ್ರತಿಯೊಂದೂ ತನ್ನ ಪಾಡಿಗೆ ತಾನು ಏರಿಳಿದರೆ 0ಯ ಹತ್ತಿರ. ಒಂದು ಏರಿದಾಗ ಇನ್ನೊಂದು ಇಳಿದರೆ ಋಣ ಸಂಖ್ಯೆ. ಆರೋಗ್ಯವಂತರಲ್ಲಿ 0.6 ಇದ್ದು ರೋಗಿಗಳಲ್ಲಿ 0.3 ಬಂದರೆ ಅದೇ 'ಕುಗ್ಗಿದ ಸಂಪರ್ಕ'. ನೇರ ತಂತು ಇಲ್ಲದ ಎರಡು ಭಾಗಗಳೂ ಮೂರನೆಯದರ ಮೂಲಕ ಜೊತೆಯಾಗಿ ಏರಿಳಿಯಬಹುದು. ಅಳೆಯುತ್ತಿರುವುದು ರಕ್ತದ ಸಂಕೇತವಾದ್ದರಿಂದ, ವಯಸ್ಸಾದವರಲ್ಲಿ ರಕ್ತನಾಳಗಳೇ ಹಾಳಾಗಿದ್ದರೂ ಸಂಖ್ಯೆ ಬದಲಾದೀತು.

ಇಷ್ಟು ಗಟ್ಟಿಯಾದರೆ ಉಳಿದದ್ದು ಸುಲಭ. ವಿಶ್ರಾಂತಿಯಲ್ಲಿ ಚುರುಕಾಗುವ ಡೀಫಾಲ್ಟ್ ಮೋಡ್ ಜಾಲ ಅಲ್ಝೈಮರ್‌ನಲ್ಲಿ, ಅದರಲ್ಲೂ ಹಿಂಭಾಗದಲ್ಲಿ, ಸಡಿಲವಾಗುತ್ತದೆ. ಸಂಶೋಧಕ ಗ್ರೈಷಿಯಸ್ ಅವರ ತಂಡ ಇದನ್ನು 2004ರಲ್ಲಿ ತೋರಿಸಿತು. ಅದೇ ತಂಡ 2007ರಲ್ಲಿ ಖಿನ್ನತೆಯಿದ್ದವರನ್ನು ಪರೀಕ್ಷಿಸಿದಾಗ, ಭಾವನೆಗೆ ಸಂಬಂಧಿಸಿದ ಮುಂಬದಿಯ ಭಾಗವಾದ ಸಬ್‌ಜೆನ್ಯುಯಲ್ ಸಿಂಗ್ಯುಲೇಟ್ ಈ ಜಾಲದೊಂದಿಗೆ ಹೆಚ್ಚು ಬೆಸೆದುಕೊಂಡಿತ್ತು. ಹಾಗೆಂದು ಒಂದು ಕಾಯಿಲೆ ಇಳಿಸಿದ್ದನ್ನು ಇನ್ನೊಂದು ಏರಿಸಿ ಸರಿದೂಗಿಸುತ್ತದೆ ಎಂದು ಲೆಕ್ಕ ಹಾಕುವಂತಿಲ್ಲ, ಏಕೆಂದರೆ ಇವು ಬೇರೆಬೇರೆ ಕೊಂಡಿಗಳು. ಎರಡೂ ಕಾಯಿಲೆ ಇರುವವರು, ಅಲ್ಝೈಮರ್ ಮಾತ್ರ ಇರುವವರು, ಖಿನ್ನತೆ ಮಾತ್ರ ಇರುವ ವೃದ್ಧರು, ಆರೋಗ್ಯವಂತ ವೃದ್ಧರು: ಈ ನಾಲ್ಕೂ ಗುಂಪುಗಳಲ್ಲಿ ಒಂದೇ ಕೊಂಡಿಯನ್ನು ಹೋಲಿಸಿದರೆ ಮಾತ್ರ ಖಿನ್ನತೆಯ ಪಾಲು ಬೇರೆಯಾಗಿ ಕಾಣುತ್ತದೆ.

ನಾನು ಯಾವ ಪ್ರಬಂಧ ತೆರೆದರೂ ಮೊದಲು ಹುಡುಕುವುದು ತಲೆ ಅಲುಗಾಟದ ಲೆಕ್ಕವನ್ನು. ಚಡಪಡಿಸುವ ರೋಗಿಯ ತಲೆ ಮಿಲಿಮೀಟರಿನ ಒಂದಂಶ ಸರಿದರೂ ಸಾಕು, ದೂರದ ಭಾಗಗಳ ಸಂಪರ್ಕ ಸುಳ್ಳಾಗಿ ತಗ್ಗಿ, ಹತ್ತಿರದ್ದು ಸುಳ್ಳಾಗಿ ಹೆಚ್ಚುತ್ತದೆ. 2012ರಲ್ಲಿ ಸಂಶೋಧಕ ಪವರ್ ಅವರ ತಂಡ ಇದನ್ನು ಬಯಲಿಗೆ ತಂದಿತು. ಕಾಯಿಲೆಯ ಗುರುತೂ ಇಂಥದ್ದೇ ಆದ್ದರಿಂದ ಹೋಲಿಸುವ ಗುಂಪುಗಳ ಅಲುಗಾಟ ಸಮನಾಗಿತ್ತೇ ಎಂದು ನೋಡದೆ ಮುಂದೆ ಓದಬೇಡಿ.

ಆಮೇಲೆ ನೋಡಬೇಕಾದದ್ದು ಖಿನ್ನತೆಯನ್ನು ಅಳೆದ ಬಗೆ. ಬೆಳಗಿನ ಕಾಫಿ ಆರಿಹೋದರೂ ಲೋಟ ಮುಟ್ಟದೆ ಕೂತ ಅಜ್ಜಿಗೆ ದುಃಖವೋ ನಿರಾಸಕ್ತಿಯೋ? ನಿರಾಸಕ್ತಿ ದುಃಖವಿಲ್ಲದೆಯೂ ಬರುತ್ತದೆ. ಮರೆವಿರುವವರು ತಮ್ಮ ಕಳೆದ ವಾರವನ್ನು ವಿವರಿಸಲಾರರು. ಅದಕ್ಕೇ ಮರೆವಿನ ಕಾಯಿಲೆಯವರ ಖಿನ್ನತೆಯನ್ನು ಅಳೆಯುವ 1988ರ ಕಾರ್ನೆಲ್ ಮಾಪಕದ 19 ಅಂಶಗಳನ್ನು ನೋಡಿಕೊಳ್ಳುವವರನ್ನೂ ಕೇಳಿ ತುಂಬುತ್ತಾರೆ.