ಸೂರ್ಯನ ಬೆಂಕಿಗೆ ಒಲೆ ಕಟ್ಟುವ ಕೆಲಸ

ಹಗುರ ಪರಮಾಣುಗಳ ಬೀಜಗಳನ್ನು ಬೆಸೆದು ಶಕ್ತಿ ಪಡೆಯುವ ಬೈಜಿಕ ಸಮ್ಮಿಳನದ ಬಗ್ಗೆ ಈಚಿನ ವರ್ಷಗಳಲ್ಲಿ ಬಂದ ಸುದ್ದಿಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. 2022ರ ಡಿಸೆಂಬರ್ 5ರಂದು ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯ 2.05 ಮೆಗಾಜೂಲ್ ಲೇಸರ್ ಬೆಳಕು ಸುರಿದು 3.15 ಮೆಗಾಜೂಲ್ ಶಕ್ತಿ ಪಡೆಯಿತು. ಆದರೆ ಆ ಬೆಳಕನ್ನು ಹುಟ್ಟಿಸಲು ಸುಮಾರು 300 ಮೆಗಾಜೂಲ್ ವಿದ್ಯುತ್ ಖರ್ಚಾಗಿತ್ತು. 2025ರ ಫೆಬ್ರುವರಿಯಲ್ಲಿ ಫ್ರಾನ್ಸಿನ ವೆಸ್ಟ್ ಯಂತ್ರ ಪ್ಲಾಸ್ಮಾವನ್ನು, ಅಂದರೆ ವಿದ್ಯುದಾವೇಶಗೊಂಡ ಕಾದ ಅನಿಲವನ್ನು, 22 ನಿಮಿಷ ಹಿಡಿದಿಟ್ಟಿತು. ಅದರಲ್ಲಿ ಟ್ರಿಟಿಯಂ ಎಂಬ ಭಾರದ ಹೈಡ್ರೋಜನ್ ಇಂಧನ ಇರಲಿಲ್ಲವಾದ್ದರಿಂದ ಶಕ್ತಿ ಪಡೆಯುವ ಮಾತೂ ಇರಲಿಲ್ಲ. ಇವುಗಳ ನಡುವೆ, 2024ರಲ್ಲಿ, ಹಲವು ದೇಶಗಳು ಸೇರಿ ಕಟ್ಟುತ್ತಿರುವ ಇಟರ್ ಯೋಜನೆ ತನ್ನ ಪೂರ್ಣ ಇಂಧನದ ಪ್ರಯೋಗ 2039ಕ್ಕೆ ಎಂದು ಪ್ರಕಟಿಸಿತು. ಮೂರೂ ನಿಜವೇ. ಒಂದೊಂದು ಸುದ್ದಿಯೂ ಬೇರೆ ಬೇರೆ ಸಂಗತಿಯನ್ನು ಅಳೆಯುತ್ತಿದೆ, ಅಷ್ಟೆ.

ಬೆಂಕಿಯ ಲೆಕ್ಕ ಹಳೆಯದು. ಸೂರ್ಯನೊಳಗೆ ಹೈಡ್ರೋಜನ್ ಹೀಲಿಯಂ ಆಗುವುದರಿಂದಲೇ ಶಾಖ ಹುಟ್ಟುತ್ತದೆಂದು ಬ್ರಿಟಿಷ್ ಖಗೋಳವಿಜ್ಞಾನಿ ಎಡಿಂಗ್ಟನ್ 1920ರಲ್ಲೇ ಊಹಿಸಿದ್ದರು. 1955ರಲ್ಲಿ ಜಿನೀವಾದ ಪರಮಾಣು ಸಮ್ಮೇಳನದ ಅಧ್ಯಕ್ಷರಾಗಿದ್ದ ಹೋಮಿ ಭಾಭಾ, ಇನ್ನೆರಡು ದಶಕಗಳಲ್ಲಿ ಈ ಶಕ್ತಿಯನ್ನು ಹತೋಟಿಯಲ್ಲಿಟ್ಟು ಪಡೆಯುವ ದಾರಿ ಸಿಗಲಿದೆ ಎಂದರು. 1958ರಲ್ಲಿ ಬ್ರಿಟನ್ನಿನ ಝೀಟಾ ಯಂತ್ರದ ಹೆಸರಲ್ಲಿ ಘೋಷಿಸಿದ ಸಾಧನೆಯನ್ನು ಕೆಲವೇ ತಿಂಗಳಲ್ಲಿ ಹಿಂದಕ್ಕೆ ಪಡೆಯಬೇಕಾಯಿತು. ಉದ್ದಿನ ವಡೆಯ ಆಕಾರದ ಕೋಣೆಯಲ್ಲಿ ಕಾಂತಕ್ಷೇತ್ರದಿಂದ ಪ್ಲಾಸ್ಮಾವನ್ನು ಕಟ್ಟಿಹಾಕುವ ಟೋಕಾಮಾಕ್ ಎಂಬ ಯಂತ್ರದಲ್ಲಿ ಒಂದು ಕೋಟಿ ಡಿಗ್ರಿ ಮುಟ್ಟಿದ್ದೇವೆಂದು 1968ರಲ್ಲಿ ಸೋವಿಯತ್ ವಿಜ್ಞಾನಿಗಳು ಹೇಳಿದಾಗ ಪಶ್ಚಿಮದಲ್ಲಿ ಅನೇಕರು ನಂಬಲಿಲ್ಲ. ಮರುವರ್ಷ ಬ್ರಿಟಿಷ್ ತಂಡವೊಂದು ಲೇಸರ್ ಉಪಕರಣಗಳನ್ನು ಮಾಸ್ಕೋಗೆ ಒಯ್ದು, ಸ್ವತಃ ಅಳೆದು, ಹೌದೆಂದಿತು. ಅಲ್ಲಿಂದ ಮುಂದೆ ಟೋಕಾಮಾಕ್‌ಗಳದೇ ಕಾಲ. ಗಾಂಧಿನಗರದ ಆದಿತ್ಯ ಟೋಕಾಮಾಕ್ ಶುರುವಾದದ್ದು 1989ರಲ್ಲಿ.

ಈ ಚರಿತ್ರೆಯಲ್ಲಿ ನಿಂತು ನೋಡಬೇಕಾದದ್ದು ಆಕ್ಸ್‌ಫರ್ಡ್ ಸಮೀಪದ ಕಲ್ಹಮ್‌ನಲ್ಲಿ 1983ರಿಂದ 2023ರವರೆಗೆ ನಡೆದ ಜೆಟ್ ಎಂಬ ಟೋಕಾಮಾಕನ್ನು. 1997ರಲ್ಲಿ ಅದು 24 ಮೆಗಾವಾಟ್ ಶಾಖ ಪಡೆದು 16 ಮೆಗಾವಾಟ್ ಸಮ್ಮಿಳನ ಶಕ್ತಿ ಕೊಟ್ಟಿತು. ಪತ್ರಿಕೆಗಳು ಆ ಅಂಕಿಯನ್ನೇ ಬರೆದವು. ಆದರೆ ಯಂತ್ರದ ಒಳಗೆ ಇನ್ನೊಂದು ಸಂಗತಿ ನಡೆದಿತ್ತು. ಒಳಗೋಡೆಗೆ ಹೊದಿಸಿದ್ದ ಇಂಗಾಲದ ಬಿಲ್ಲೆಗಳು ಕರಗುವುದಿಲ್ಲ ಎಂಬುದು ಅವುಗಳ ಗುಣ. ಹೈಡ್ರೋಜನ್ನನ್ನು ಅಂಟಿಸಿಕೊಳ್ಳುತ್ತವೆ ಎಂಬುದು ಅವುಗಳ ದೋಷ. ಟ್ರಿಟಿಯಂ ಕೂಡ ಹೈಡ್ರೋಜನ್ನೇ. ಸವೆದ ಇಂಗಾಲ ತಣ್ಣನೆಯ, ಮರೆಯ ಮೂಲೆಗಳಲ್ಲಿ ಹಕ್ಕಳೆ ಹಕ್ಕಳೆಯಾಗಿ ಕೂತು, ಒಳಗೆ ಬಿಟ್ಟ ಸುಮಾರು 35 ಗ್ರಾಂ ಟ್ರಿಟಿಯಂನಲ್ಲಿ ಮೂರನೇ ಒಂದರಷ್ಟನ್ನು ಹಿಡಿದಿಟ್ಟುಕೊಂಡಿತ್ತು. ವಿದ್ಯುತ್ ಸ್ಥಾವರವೊಂದು ಹೀಗೆ ತನ್ನ ಇಂಧನವನ್ನು ಗೋಡೆಗೆ ತಿನ್ನಿಸುತ್ತ ನಡೆಯಲಾರದು.

ಹಾಗಾಗಿ 2009 ಮತ್ತು 2011ರ ನಡುವೆ ಆ ಒಳಗೋಡೆಯನ್ನೇ ತೆಗೆದು ಬೆರಿಲಿಯಂ ಮತ್ತು ಟಂಗ್‌ಸ್ಟನ್ ಹೊದಿಸಲಾಯಿತು. ವಿಕಿರಣದಿಂದಾಗಿ ಒಳಗೆ ಮನುಷ್ಯರು ಕೂತು ಮಾಡುವ ಕೆಲಸ ಇದಲ್ಲ. ದೂರದ ಕೋಣೆಯಲ್ಲಿ ಕುಳಿತವರು ಹಿಡಿಗಳನ್ನು ತಿರುಗಿಸಿದಂತೆ ಯಂತ್ರದೊಳಗಿನ ರೋಬಾಟ್ ಕೈಗಳು ಬಿಲ್ಲೆಗಳನ್ನು ಬಿಚ್ಚಿ ಜೋಡಿಸಿದವು. ಒಳಗೆ ಬೋಲ್ಟ್ ಬಿಗಿಯಾದರೆ ಆ ಬಿಗಿ ಹೊರಗಿನವರ ಅಂಗೈಗೆ ತಿಳಿಯುತ್ತಿತ್ತು. ಗೋಡೆ ನುಂಗುವ ಟ್ರಿಟಿಯಂ ಹತ್ತು ಪಟ್ಟಿಗೂ ಮಿಗಿಲಾಗಿ ಇಳಿಯಿತು. ಬದಲಿಗೆ ಟಂಗ್‌ಸ್ಟನ್ ಕಣಗಳು ಪ್ಲಾಸ್ಮಾದೊಳಗೆ ನುಸುಳಿ ಅದನ್ನು ತಣಿಸತೊಡಗಿದವು, ಅದನ್ನು ಪಳಗಿಸಲು ಮತ್ತಷ್ಟು ವರ್ಷ ಹಿಡಿಯಿತು. ಕೊನೆಗೆ 2023ರಲ್ಲಿ, 0.2 ಮಿಲಿಗ್ರಾಂ ಇಂಧನದಿಂದ 69 ಮೆಗಾಜೂಲ್ ಬಂದದ್ದು ಈ ಹೊಸ ಗೋಡೆಯ ನಡುವೆಯೇ. ಆ 69ಕ್ಕಿಂತ ಗೋಡೆ ಬದಲಾಯಿಸಿದ ಕೆಲಸವೇ ದೊಡ್ಡದೆಂದು ನನಗನ್ನಿಸುತ್ತದೆ.

ಟ್ರಿಟಿಯಂ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಅದರೊಡನೆ ಬೆಸೆಯುವ ಇನ್ನೊಂದು ಬಗೆಯ ಹೈಡ್ರೋಜನ್ ಡ್ಯೂಟೀರಿಯಂ ಸಮುದ್ರದ ನೀರಿನಲ್ಲಿ ಬೇಕಾದಷ್ಟಿದೆ. ಟ್ರಿಟಿಯಂ ನಿಸರ್ಗದಲ್ಲಿ ಇಲ್ಲವೆಂದೇ ಹೇಳಬೇಕು. ಇರುವ ಕೆಲವು ಹತ್ತು ಕಿಲೋ ಮುಖ್ಯವಾಗಿ ಕೆನಡಾದ ಭಾರಜಲ ರಿಯಾಕ್ಟರುಗಳಿಂದ ಬಂದದ್ದು. ಅದರ ಅರ್ಧಾಯುಷ್ಯ 12.3 ವರ್ಷ. ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬಂದೀತು ಎಂಬ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ. 1000 ಮೆಗಾವಾಟ್ ಸಮ್ಮಿಳನ ಶಕ್ತಿಯನ್ನು ವರ್ಷವಿಡೀ ಪಡೆಯಲು ಸುಮಾರು 55 ಕಿಲೋ ಟ್ರಿಟಿಯಂ ಬೇಕು. ಆದ್ದರಿಂದ ಹೊರಗಿನ ಟ್ರಿಟಿಯಂ ಹೆಪ್ಪಿಗೆ ಮಾತ್ರ. ಆಮೇಲೆ ಸ್ಥಾವರವೇ ಮೊಸರು ಮಾಡಿಕೊಳ್ಳಬೇಕು. ಪ್ರತಿ ಸಮ್ಮಿಳನದಲ್ಲೂ ಒಂದು ಟ್ರಿಟಿಯಂ ಮುಗಿದು ಒಂದು ನ್ಯೂಟ್ರಾನ್ ಹೊರಡುತ್ತದೆ, ಅದು ಗೋಡೆಯಾಚೆಯ ಲಿಥಿಯಂಗೆ ತಾಗಿದರೆ ಹೊಸ ಟ್ರಿಟಿಯಂ ಹುಟ್ಟುತ್ತದೆ. ಒಂದಕ್ಕೆ ಒಂದು ಎಂಬ ಈ ಲೆಕ್ಕದಲ್ಲಿ ಸೋರಿಕೆಗೆ ಜಾಗವೇ ಇಲ್ಲ. ಅದಕ್ಕೇ ನ್ಯೂಟ್ರಾನುಗಳ ಸಂಖ್ಯೆ ಹೆಚ್ಚಿಸಲು ಸೀಸವನ್ನೋ ಬೆರಿಲಿಯಂ ಅನ್ನೋ ಜೊತೆಗಿಡಬೇಕು. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲೂ ಸೀಸ ಮತ್ತು ಲಿಥಿಯಂ ಸೇರಿದ ಇಂಥ ಹೊದಿಕೆಯ ವಿನ್ಯಾಸ ನಡೆದಿದೆ. ಕಾಗದದ ಮೇಲೆ ಲೆಕ್ಕ ಕೂಡಿಬರುತ್ತದೆ. ಖರ್ಚಾದಷ್ಟು ಟ್ರಿಟಿಯಂ ಬೆಳೆದುಕೊಂಡ ಯಂತ್ರ ಜಗತ್ತಿನಲ್ಲಿ ಇನ್ನೂ ಒಂದೂ ಇಲ್ಲ.

ಅದೇ ನ್ಯೂಟ್ರಾನ್ ಉಕ್ಕನ್ನೂ ಕೆಡಿಸುತ್ತದೆ. 14.1 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ನ್ಯೂಟ್ರಾನುಗಳು ಲೋಹದ ಪರಮಾಣುಗಳನ್ನು ಜಾಗದಿಂದ ಎಬ್ಬಿಸುತ್ತವೆ, ಒಳಗೊಳಗೇ ಹೀಲಿಯಂ ಗುಳ್ಳೆ ಹುಟ್ಟಿಸಿ ಅದನ್ನು ಪೆಡಸು ಮಾಡುತ್ತವೆ. ಪರಮಾಣು ಒಡೆದು ಶಕ್ತಿ ಪಡೆಯುವ ಸಾಮಾನ್ಯ ವಿದಳನ ರಿಯಾಕ್ಟರಿನಲ್ಲಿ ಈ ಪೆಟ್ಟನ್ನು ಸರಿಯಾಗಿ ಅನುಕರಿಸಲಾಗದು. ಫ್ರಾನ್ಸಿನಲ್ಲಿ ಏಳುತ್ತಿರುವ ಇಟರ್ 50 ಮೆಗಾವಾಟ್ ಶಾಖಕ್ಕೆ 500 ಮೆಗಾವಾಟ್ ಕೊಡಬೇಕೆಂಬ ಗುರಿಯದು. ಭಾರತ 2005ರಿಂದ ಅದರ ಪಾಲುದಾರ, ಅದನ್ನು ಸುತ್ತುವ 30 ಮೀಟರ್ ಎತ್ತರದ ಕ್ರಯೋಸ್ಟಾಟ್ ಎಂಬ ತಂಪು ಕಾಯುವ ಹೊರಕವಚ ಇಲ್ಲಿಂದಲೇ ಹೋದದ್ದು. ನಿರ್ವಾತ ಕೋಣೆಯ ತುಂಡುಗಳು ಅಳತೆಗೆ ಹೊಂದದೆ, ಶಾಖಕವಚದ ಕೊಳವೆಗಳು ಬಿರಿದು, ಬಿಚ್ಚಿ ಸರಿಪಡಿಸಬೇಕಾಗಿ ಬಂದು ಅದು ತಡವಾಯಿತು. ಅದು ಯಶಸ್ವಿಯಾದರೂ ತನ್ನ ಇಡೀ ಆಯುಷ್ಯದಲ್ಲಿ ಅದರ ಗೋಡೆ ತಿನ್ನುವ ಪೆಟ್ಟು, ಸ್ಥಾವರದ ಗೋಡೆ ತಿನ್ನಬೇಕಾದುದರ ಸಣ್ಣ ಪಾಲು.

ಆ ಪೆಟ್ಟನ್ನೇ ಕೊಟ್ಟು ನೋಡುವ ಪರೀಕ್ಷಾಗಾರದ ಯೋಚನೆ 1990ರ ದಶಕದ್ದು. ಪ್ಲಾಸ್ಮಾದ ತಾಪಕ್ಕೆ ಸಿಕ್ಕ ಗಮನ, ಹಣ ಅದಕ್ಕೆ ಸಿಗಲಿಲ್ಲ. ಈಗ ಸ್ಪೇನಿನ ಗ್ರನಾಡಾ ಬಳಿ ಅದರ ಕಟ್ಟಡ ಏಳುತ್ತಿದೆ: ಹರಿಯುವ ದ್ರವ ಲಿಥಿಯಂನ ತೆಳು ಪರದೆಗೆ ಡ್ಯೂಟೀರಿಯಂ ಕಣಗಳನ್ನು ಅಪ್ಪಳಿಸಿ ನ್ಯೂಟ್ರಾನ್ ಹುಟ್ಟಿಸುವುದು, ಪರದೆಯ ಹಿಂದೆ ಉಕ್ಕಿನ ಸಣ್ಣ ಸಣ್ಣ ತುಣುಕುಗಳನ್ನು ಇಟ್ಟು, ವರ್ಷಗಟ್ಟಲೆ ಕಾದು, ಹೊರತೆಗೆದು ಮುರಿದು ನೋಡುವುದು.